ಸೂತ್ರದೊಳಗಿನ ಆ ಅರ್ಧ ಎಲ್ಲಿಂದ ಬಂತು?

ಪಿಯುಸಿ ಮೊದಲ ವರ್ಷದ ತರಗತಿಯಲ್ಲಿ ಚಲನೆಯ ಸಮೀಕರಣಗಳನ್ನು ಹಲಗೆಯ ಮೇಲೆ ಬರೆದ ದಿನ ನಾನು ಪ್ರತಿ ವರ್ಷವೂ ಒಂದೇ ಪ್ರಶ್ನೆ ಕೇಳುತ್ತೇನೆ. ನಿಂತಲ್ಲಿಂದ ಹೊರಟ ವಸ್ತು ಕ್ರಮಿಸುವ ದೂರವೆಂದರೆ ವೇಗೋತ್ಕರ್ಷವನ್ನು ಕಾಲದ ವರ್ಗದಿಂದ ಗುಣಿಸಿ ಅದರ ಅರ್ಧ. ಈ ಅರ್ಧ ಎಲ್ಲಿಂದ ಬಂತು? ತರಗತಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ: "ಸೂತ್ರದಾಗ ಹಂಗ ಐತ್ರೀ ಸರ್."

ಆ ಉತ್ತರವನ್ನು ಹಳಿಯುವಂತಿಲ್ಲ. ಎಸ್ಸೆಸ್ಸೆಲ್ಸಿಯವರೆಗೆ ಸೂತ್ರವೆಂದರೆ ಕೊಟ್ಟ ಅಂಕಿಗಳನ್ನು ತುಂಬಬೇಕಾದ ಖಾಲಿ ಜಾಗವಾಗಿತ್ತು, ಹಾಗೆ ತುಂಬಿದವರಿಗೆ ಅಂಕಗಳೂ ಬಂದಿದ್ದವು. ಪಿಯುಸಿಗೆ ಬಂದಮೇಲೆ ವರ್ಷಕ್ಕೆ 14ರಂತೆ 28 ಅಧ್ಯಾಯಗಳು ಎದುರಾಗುತ್ತವೆ; 70 ಅಂಕಗಳ ಲಿಖಿತ ಪರೀಕ್ಷೆ, 30 ಅಂಕಗಳ ಪ್ರಾಯೋಗಿಕ, ಅವುಗಳ ಬೆನ್ನಿಗೆ 80 ನಿಮಿಷಗಳಲ್ಲಿ 60 ಪ್ರಶ್ನೆಗಳನ್ನು ಕೇಳುವ ಸಿಇಟಿ, ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಇಷ್ಟೆಲ್ಲ ಒತ್ತಡದಲ್ಲಿ ಸೂತ್ರಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡುವುದೇ ಸುಲಭದ ದಾರಿಯಾಗಿ ಕಾಣುತ್ತದೆ. ಆ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದೂರದ ಸೂತ್ರದಲ್ಲಿ ಅರ್ಧ, ಚಲನ ಶಕ್ತಿಯಲ್ಲಿ ಅರ್ಧ, ತಿರುಗುವ ಚಕ್ರದ ಶಕ್ತಿಯಲ್ಲಿ ಅರ್ಧ, ಹಿಗ್ಗಿದ ಸ್ಪ್ರಿಂಗಿನಲ್ಲಿ ಅರ್ಧ, ಬರ್ನೌಲಿಯ ಸಮೀಕರಣದಲ್ಲಿ ಅರ್ಧ. ಎರಡನೇ ವರ್ಷಕ್ಕೆ ಹೋದರೆ ಕೆಪಾಸಿಟರಿನಲ್ಲಿ ಅರ್ಧ, ಸುರುಳಿಯಲ್ಲಿ ಅರ್ಧ. ಇವನ್ನು ಬೇರೆ ಬೇರೆ ಸೂತ್ರಗಳೆಂದು ನೆನಪಿಡುವ ವಿದ್ಯಾರ್ಥಿ ಒಂದೇ ಮಾತನ್ನು ಏಳು ಸಲ ಬಾಯಿಪಾಠ ಮಾಡುತ್ತಿದ್ದಾನೆ.

ವಿಜಯಪುರದಲ್ಲಿ ಕುಳಿತು ಭೌತಶಾಸ್ತ್ರದ ಬಗ್ಗೆ ಬರೆಯುವವರು ಗೋಳಗುಮ್ಮಟದ ಪ್ರತಿಧ್ವನಿಯಿಂದ ಶುರುಮಾಡಬೇಕೆಂಬ ಅಲಿಖಿತ ನಿಯಮವೊಂದಿದೆ. ನನಗೆ ಅದಕ್ಕಿಂತ ಹೊಲದ ಬಾವಿ ಹೆಚ್ಚು ಉಪಯೋಗಕ್ಕೆ ಬಂದಿದೆ.

ಬಾವಿಯ ದಂಡೆಯಲ್ಲಿ ನಿಂತು ಒಂದು ಕಲ್ಲನ್ನು ಕೈಬಿಟ್ಟರೆ, ನೀರಿಗೆ ಬಿದ್ದ ಸದ್ದು ಸರಿಯಾಗಿ 2 ಸೆಕೆಂಡಿಗೆ ಕೇಳಿಸಿತು ಎಂದುಕೊಳ್ಳೋಣ. ಗುರುತ್ವದಿಂದ ಕಲ್ಲಿನ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತ ಹೋಗುವುದರಿಂದ ನೀರು ಮುಟ್ಟುವ ಹೊತ್ತಿಗೆ ಅದು ಸೆಕೆಂಡಿಗೆ 19.6 ಮೀಟರ್ ಆಗಿರುತ್ತದೆ. ಆ ವೇಗವನ್ನು 2 ಸೆಕೆಂಡಿನಿಂದ ಗುಣಿಸಿ ಬಾವಿಯ ಆಳ 39 ಮೀಟರ್ ಎಂದರೆ ಅದು ಸುಳ್ಳಾಗುತ್ತದೆ, ಏಕೆಂದರೆ ಕಲ್ಲಿಗೆ ಆ ವೇಗ ಇದ್ದದ್ದು ಕೊನೆಯ ಕ್ಷಣದಲ್ಲಿ ಮಾತ್ರ. ಕೈಬಿಟ್ಟ ಕ್ಷಣದಲ್ಲಿ ಅದರ ವೇಗ ಸೊನ್ನೆಯಾಗಿತ್ತು. ಸೊನ್ನೆಯಿಂದ 19.6ರವರೆಗೆ ಒಂದೇ ಸಮನೆ ಏರಿದ ವೇಗದ ಸರಾಸರಿ 9.8. ಅದನ್ನು 2ರಿಂದ ಗುಣಿಸಿದರೆ 19.6 ಮೀಟರ್. ಅರ್ಧ ಬಂದದ್ದು ಇಲ್ಲಿಂದ, ಮೊದಲ ವೇಗ ಮತ್ತು ಕೊನೆಯ ವೇಗಗಳ ನಡುವಿನ ಸರಾಸರಿಯಿಂದ.

ಇದನ್ನೇ ಗ್ರಾಫ್ ಹಾಳೆಯ ಮೇಲೆ ಬರೆಯಬೇಕು. ಅಡ್ಡಗೆರೆಯ ಮೇಲೆ ಕಾಲ, ನಿಂತ ಗೆರೆಯ ಮೇಲೆ ವೇಗ ಇಟ್ಟರೆ ಕಲ್ಲಿನ ವೇಗ ಮೂಲಬಿಂದುವಿನಿಂದ ಓರೆಯಾಗಿ ಮೇಲೇರುವ ಸರಳರೇಖೆಯಾಗುತ್ತದೆ. ಆ ರೇಖೆಯ ಕೆಳಗಿನ ಜಾಗವೇ ಕ್ರಮಿಸಿದ ದೂರ. ಜಾಗದ ಆಕಾರ ತ್ರಿಭುಜ, ತ್ರಿಭುಜದ ವಿಸ್ತೀರ್ಣ ಪಾದ ಗುಣಿಸು ಎತ್ತರದ ಅರ್ಧ. ಹೈಸ್ಕೂಲಿನಲ್ಲಿ ಕಲಿತ ಈ ರೇಖಾಗಣಿತವನ್ನು 14ನೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಚಲನೆಗೆ ಹೊಂದಿಸಿ ಚಿತ್ರ ಬರೆದಿದ್ದ, 1638ರಲ್ಲಿ ಗೆಲಿಲಿಯೋ ಬೀಳುವ ವಸ್ತುಗಳಿಗೆ ಅದನ್ನು ಅನ್ವಯಿಸಿ ತೋರಿಸಿದ. ಕಲನಶಾಸ್ತ್ರ ಇನ್ನೂ ಹುಟ್ಟಿರದ ಕಾಲವದು. ಆದ್ದರಿಂದ, ಗಣಿತದ ಉಪನ್ಯಾಸಕರು ಸಮಾಕಲನ (ಇಂಟಿಗ್ರೇಶನ್) ಕಲಿಸುವುದಕ್ಕೆ ಮೊದಲೇ ಭೌತಶಾಸ್ತ್ರದವರು ಅದನ್ನು ಬಳಸುತ್ತಾರೆಂದು ಜೂನ್ ತಿಂಗಳಲ್ಲಿ ಕಂಗಾಲಾಗುವ ವಿದ್ಯಾರ್ಥಿಗೆ ಸದ್ಯಕ್ಕೆ ತ್ರಿಭುಜವೊಂದೇ ಸಾಕು.

ಬಾವಿಯ ಲೆಕ್ಕವನ್ನು ಇಲ್ಲಿಗೆ ಬಿಡುವಂತಿಲ್ಲ. ಸದ್ದು ಮೇಲೆ ಬರುವುದಕ್ಕೂ ಸಮಯ ಬೇಕು. ಶಬ್ದದ ಜವ ಸೆಕೆಂಡಿಗೆ ಸುಮಾರು 345 ಮೀಟರ್ ಎಂದು ಹಿಡಿದು ತಿದ್ದಿದರೆ ಆಳ 18.6 ಮೀಟರಿಗೆ ಇಳಿಯುತ್ತದೆ, ನಮ್ಮ ಕಡೆಯ ಲೆಕ್ಕದಲ್ಲಿ ಸುಮಾರು 61 ಅಡಿ. ಒಂದು ಮೀಟರಿನ ಈ ತಿದ್ದುಪಡಿಯನ್ನು ಕಂಡುಹಿಡಿದ ವಿದ್ಯಾರ್ಥಿಗೆ ಬಹಳ ಹಿಗ್ಗಾಗುತ್ತದೆ. ಆಗ ನಾನು ಗಡಿಯಾರದ ಬಗ್ಗೆ ಕೇಳುತ್ತೇನೆ. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳು 0.1 ಸೆಕೆಂಡಿನಷ್ಟು ತಡಮಾಡಿದರೂ ಆಳದಲ್ಲಿ ಸುಮಾರು 2 ಮೀಟರ್ ವ್ಯತ್ಯಾಸವಾಗುತ್ತದೆ, ಏಕೆಂದರೆ ಕೊನೆಯ ಹಂತದಲ್ಲಿ ಕಲ್ಲು ಸೆಕೆಂಡಿಗೆ ಸುಮಾರು 19 ಮೀಟರ್ ವೇಗದಲ್ಲಿದೆ. ಎಂದರೆ, ಹೆಬ್ಬೆರಳಿನ ದೋಷ ಶಬ್ದದ ತಿದ್ದುಪಡಿಗಿಂತ ದೊಡ್ಡದು. ಅಳತೆ ಮತ್ತು ದೋಷಗಳ ಮೊದಲ ಅಧ್ಯಾಯವನ್ನು ಎಲ್ಲರೂ ಬೇಸರದಿಂದ ದಾಟುತ್ತಾರೆ. ಅದು ಹೇಳುವುದು ಇಂಥ ಮಾತನ್ನೇ.

ಕನ್ನಡ ಮಾಧ್ಯಮದಿಂದ ಬಂದವರ ಕಷ್ಟವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಜವ, ವೇಗ, ಸ್ಥಾನಪಲ್ಲಟ, ಸಂವೇಗ ಎಂದು ಓದಿದವರು ಪಿಯುಸಿಯಲ್ಲಿ ಸ್ಪೀಡ್, ವೆಲಾಸಿಟಿ, ಡಿಸ್‌ಪ್ಲೇಸ್‌ಮೆಂಟ್, ಮೊಮೆಂಟಮ್ ಎಂಬ ಪದಗಳನ್ನು ಕೇಳಿ ವಿಷಯವೇ ಹೊಸದೆಂದು ಭಾವಿಸುತ್ತಾರೆ. ಅವರು ಎರಡೂ ಪದಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಂಡರೆ ಎರಡು ತಿಂಗಳಲ್ಲಿ ಆ ಗೋಡೆ ಬೀಳುತ್ತದೆ. ವೇಗೋತ್ಕರ್ಷ ಎಂಬ ಪದದೊಳಗೇ ವೇಗದ ಏರಿಕೆ ಎಂಬ ಅರ್ಥ ಕಾಣುತ್ತದೆ. ಆಕ್ಸಲರೇಶನ್ ಎಂದು ಮಾತ್ರ ಕೇಳಿದವನಿಗೆ ಆ ಅನುಕೂಲವಿಲ್ಲ.

ಇನ್ನು ಆಲಮಟ್ಟಿಗೆ ಹೋಗೋಣ. ನೀರಿನ ಒತ್ತಡ ಆಳವನ್ನು ಮಾತ್ರ ಅವಲಂಬಿಸಿರುತ್ತದೆ, ಹಿನ್ನೀರು ಎಷ್ಟು ದೂರ ಹರಡಿದೆ ಎಂಬುದನ್ನಲ್ಲ ಎಂದು ದ್ರವಗಳ ಅಧ್ಯಾಯ ಹೇಳುತ್ತದೆ. ಜಲಾಶಯದ ಹಿಂದೆ ಕೃಷ್ಣೆಯ ನೀರು ಹತ್ತಾರು ಕಿಲೋಮೀಟರ್ ನಿಂತಿದ್ದರೂ 10 ಮೀಟರ್ ಆಳದಲ್ಲಿ ಗೋಡೆಯ ಮೇಲಿನ ಒತ್ತಡ, ಅಷ್ಟೇ ಆಳ ನೀರಿರುವ ಹೊಲದ ಬಾವಿಯ 10 ಮೀಟರ್ ಆಳದ ಒತ್ತಡದಷ್ಟೇ: ಸುಮಾರು 98,000 ಪ್ಯಾಸ್ಕಲ್. ಗೋಡೆಯ ಬುಡದಲ್ಲಿ ನೀರು 20 ಮೀಟರ್ ಆಳವಿರುವ ಒಂದು ಜಾಗವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ನೀರಿನ ಮೇಲ್ಮೈಯಲ್ಲಿ ನೀರಿನಿಂದಾಗುವ ಒತ್ತಡ ಸೊನ್ನೆ, ಬುಡದಲ್ಲಿ 1,96,000 ಪ್ಯಾಸ್ಕಲ್, ನಡುವೆ ಒಂದೇ ಸಮನೆ ಏರಿಕೆ. ಮತ್ತೆ ಅದೇ ತ್ರಿಭುಜ. ಸರಾಸರಿ ಒತ್ತಡ 98,000. ಒಂದು ಮೀಟರ್ ಅಗಲದ ಗೋಡೆಯ ಮೇಲೆ ಬೀಳುವ ಬಲ 19.6 ಲಕ್ಷ ನ್ಯೂಟನ್, ಅಂದರೆ 200 ಟನ್ ತೂಕದಷ್ಟು. ಆಳ 10 ಮೀಟರ್ ಮಾತ್ರ ಇದ್ದಿದ್ದರೆ ಆ ಬಲ 100 ಟನ್ ಆಗುವುದಿಲ್ಲ, 50 ಟನ್ ಆಗುತ್ತದೆ. ತ್ರಿಭುಜದ ಪಾದವೂ ಎತ್ತರವೂ ಒಟ್ಟಿಗೆ ಬೆಳೆಯುವುದರಿಂದ ಅರ್ಧ ಇರುವ ಕಡೆ ವರ್ಗವೂ ಇರುತ್ತದೆ. ಇವೆರಡೂ ಸಾಮಾನ್ಯವಾಗಿ ಜೊತೆಯಾಗಿಯೇ ಬರುವುದನ್ನು ಸೂತ್ರಗಳ ಪಟ್ಟಿಯಲ್ಲಿ ನೋಡಬಹುದು.

ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಸುದ್ದಿ ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ವರ್ಷಗಳಿಂದ ಬರುತ್ತಲೇ ಇದೆ. ಆ ರಾಜಕೀಯ ಇಲ್ಲಿ ಬೇಡ, ಅಂಕಿ ಮಾತ್ರ ಸಾಕು. ಮೊದಲು 20 ಮೀಟರ್ ಆಳವಿದ್ದ ನಮ್ಮ ಜಾಗದಲ್ಲಿ ನೀರು 4.656 ಮೀಟರ್ ಏರಿದರೆ ಆಳ ಶೇಕಡಾ 23ರಷ್ಟು ಹೆಚ್ಚುತ್ತದೆ, ಗೋಡೆಯನ್ನು ತಳ್ಳುವ ಬಲ ಶೇಕಡಾ 52ರಷ್ಟು.

ಚಲನ ಶಕ್ತಿಯ ಅರ್ಧಕ್ಕೆ ಸ್ವಾರಸ್ಯಕರವಾದ ಇತಿಹಾಸವಿದೆ. 1686ರಲ್ಲಿ ಲೈಬ್ನಿಟ್ಸ್ ಚಲಿಸುವ ವಸ್ತುವಿನ 'ಜೀವಂತ ಬಲ'ವನ್ನು ದ್ರವ್ಯರಾಶಿ ಗುಣಿಸು ವೇಗದ ವರ್ಗ ಎಂದು ಪರಿಗಣಿಸಿದ. ಅದರಲ್ಲಿ ಅರ್ಧ ಇರಲಿಲ್ಲ. 1829ರಲ್ಲಿ ಫ್ರಾನ್ಸಿನ ಕೊರಿಯೋಲಿಸ್ ಯಂತ್ರಗಳು ಮಾಡುವ ಕೆಲಸವನ್ನು ಲೆಕ್ಕಹಾಕುತ್ತ ಅರ್ಧವನ್ನು ಸೇರಿಸಿದ, ಏಕೆಂದರೆ ಬಲ ಗುಣಿಸು ದೂರ ಎಂಬ ಕೆಲಸದೊಡನೆ ಲೆಕ್ಕ ಸರಿಹೊಂದಬೇಕಾದರೆ ಅದು ಬೇಕೇ ಬೇಕು. ನಿಂತ ಬಂಡಿಯೊಂದನ್ನು ಒಂದೇ ಬಲದಿಂದ ತಳ್ಳಿ ನಿರ್ದಿಷ್ಟ ವೇಗಕ್ಕೆ ತಂದರೆ, ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗ, ಭಾಗಿಸು ಕಾಲ. ಕ್ರಮಿಸಿದ ದೂರವೆಂದರೆ ವೇಗದ ಅರ್ಧ ಗುಣಿಸು ಕಾಲ. ಎರಡನ್ನೂ ಗುಣಿಸಿದಾಗ ಕಾಲ ಹೊಡೆದುಹೋಗುತ್ತದೆ, ಅರ್ಧ ಉಳಿಯುತ್ತದೆ. ಅದು ಬಾವಿಯ ಕಲ್ಲಿನ ಸರಾಸರಿ ವೇಗದ ಅರ್ಧವೇ ಹೊರತು ಬೇರೆಯಲ್ಲ.

ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ರಸ್ತೆಯಲ್ಲಿ ಹೋದವರಿಗೆ ಈ ಸೂತ್ರದ ಅರ್ಥ ಹೇಳಬೇಕಾಗಿಲ್ಲ. ಬ್ರೇಕ್ ಹಾಕಿದಾಗ ಟ್ರ್ಯಾಕ್ಟರಿನ ವೇಗ ಪ್ರತಿ ಸೆಕೆಂಡಿಗೆ 3 ಮೀಟರಿನಷ್ಟು ಇಳಿಯುತ್ತದೆ ಎಂದುಕೊಂಡರೆ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿರುವ ಖಾಲಿ ಟ್ರ್ಯಾಕ್ಟರ್ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ, 40ರ ವೇಗದಲ್ಲಿ ನಿಲ್ಲಲು 20 ಮೀಟರಿಗಿಂತ ಹೆಚ್ಚು ಬೇಕು. ವೇಗ ಇಮ್ಮಡಿ, ದೂರ ನಾಲ್ಕು ಪಟ್ಟು. ಈಗ ಹಿಂದೆ ಕಬ್ಬು ತುಂಬಿದ ಎರಡು ಟ್ರಾಲಿಗಳನ್ನು ಕಟ್ಟಿ ಒಟ್ಟು ದ್ರವ್ಯರಾಶಿ ಒಂಬತ್ತು ಪಟ್ಟಾಯಿತೆನ್ನೋಣ, ಟ್ರಾಲಿಗೆ ಬ್ರೇಕ್ ಇಲ್ಲವೆನ್ನೋಣ. ತಡೆಯುವ ಬಲ ಟ್ರ್ಯಾಕ್ಟರಿನ ಗಾಲಿಗಳದ್ದು ಮಾತ್ರ. ಆದ್ದರಿಂದ ನಿಲ್ಲುವ ದೂರವೂ ಒಂಬತ್ತು ಪಟ್ಟು. 20ರ ವೇಗದಲ್ಲಿ ಸುಮಾರು 46 ಮೀಟರ್, 40ರ ವೇಗದಲ್ಲಿ 180 ಮೀಟರಿಗಿಂತ ಹೆಚ್ಚು. ಪಠ್ಯಪುಸ್ತಕದ ಲೆಕ್ಕದಲ್ಲಿ ದ್ರವ್ಯರಾಶಿ ಎರಡೂ ಬದಿಯಲ್ಲಿ ಹೊಡೆದುಹೋಗುವುದು ಎಲ್ಲ ಗಾಲಿಗಳಿಗೂ ಬ್ರೇಕ್ ಇದ್ದಾಗ ಮಾತ್ರ. ಈ ಶರತ್ತನ್ನು ಮರೆತು ದ್ರವ್ಯರಾಶಿಯನ್ನು ಹೊಡೆದುಹಾಕುವ ಉತ್ತರಪತ್ರಿಕೆಗಳು ಪ್ರತಿ ವರ್ಷ ಸಿಗುತ್ತವೆ.

ಹಾಗಾದರೆ ಎತ್ತರದಲ್ಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿಯಲ್ಲಿ ಅರ್ಧ ಏಕಿಲ್ಲ? ಈ ಪ್ರಶ್ನೆಯನ್ನು ವಿದ್ಯಾರ್ಥಿಯೇ ಕೇಳಿದ ದಿನ ಅವನ ಬಗ್ಗೆ ನನ್ನ ಚಿಂತೆ ಕಡಿಮೆಯಾಗುತ್ತದೆ. ಕಲ್ಲನ್ನು ನೆಲದಿಂದ ಮೇಲೆತ್ತುವಾಗ ಅದರ ತೂಕ ಮೊದಲ ಗೇಣಿನಲ್ಲಿಯೂ ಅಷ್ಟೇ, ಕೊನೆಯ ಗೇಣಿನಲ್ಲಿಯೂ ಅಷ್ಟೇ. ಬಲ ಸೊನ್ನೆಯಿಂದ ಏರುತ್ತಿಲ್ಲ. ಬಲವನ್ನು ಎತ್ತರದ ಎದುರು ಇಟ್ಟು ಗ್ರಾಫ್ ಬರೆದರೆ ಆಯತ ಬರುತ್ತದೆ, ತ್ರಿಭುಜವಲ್ಲ. ಘಟಪ್ರಭಾ ನದಿ ಗೋಕಾಕದಲ್ಲಿ 52 ಮೀಟರ್ ಧುಮುಕುವಾಗ ಪ್ರತಿ ಕಿಲೋಗ್ರಾಮ್ ನೀರು ಕಳೆದುಕೊಳ್ಳುವ ಶಕ್ತಿ 9.8 ಗುಣಿಸು 52, ಅಂದರೆ ಸುಮಾರು 510 ಜೂಲ್, ಪೂರ್ತಿಯಾಗಿ. ಅದು ಬೀಳುತ್ತ ಚಲನ ಶಕ್ತಿಯಾಗಿ, ಕೆಳಗಿನ ಬಂಡೆಗೆ ಬಡಿದು ಚೆದುರಿ, ಕಡೆಗೆ ಶಾಖವಾಗುತ್ತದೆ. ಒಂದು ಕಿಲೋಗ್ರಾಮ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಸುಮಾರು 4,200 ಜೂಲ್ ಬೇಕಾಗುವುದರಿಂದ ತಾಪ ಏರುವುದು 0.12 ಡಿಗ್ರಿ ಮಾತ್ರ. ಜೇಮ್ಸ್ ಜೂಲ್ 1845ರಲ್ಲಿ ಇದೇ ಲೆಕ್ಕವನ್ನು ನಯಾಗರಾಕ್ಕೆ ಮಾಡಿದ್ದ. 160 ಅಡಿ ಬೀಳುವ ಆ ನೀರು ಫ್ಯಾರನ್‌ಹೀಟ್ ಮಾಪಕದಲ್ಲಿ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ಬಿಸಿಯಾಗಬೇಕೆಂದು ಬರೆದ. ಗೋಕಾಕದ 52 ಮೀಟರ್ ಎಂದರೆ 171 ಅಡಿ, ಉತ್ತರವೂ ಹೆಚ್ಚುಕಡಿಮೆ ಅಷ್ಟೇ. ಹಾಗೆಂದು ಥರ್ಮಾಮೀಟರ್ ಹಿಡಿದು ಜಲಪಾತಕ್ಕೆ ಹೋದರೆ ನಿರಾಶೆಯಾಗಬಹುದು. ಹನಿಗಳಾಗಿ ಚೆದುರಿದ ನೀರು ಆವಿಯಾಗುವಾಗ ಒಂದು ಗ್ರಾಮಿಗೆ ಸುಮಾರು 2,400 ಜೂಲ್ ಹೊತ್ತೊಯ್ಯುತ್ತದೆ. 5 ಲೀಟರ್ ನೀರಿನಲ್ಲಿ ಒಂದೇ ಒಂದು ಗ್ರಾಮ್ ಆವಿಯಾದರೂ ಬಿದ್ದದ್ದರಿಂದ ಬಂದ ಬಿಸಿಯೆಲ್ಲ ಬಹುಪಾಲು ಹೋಯಿತು.

ತೂಕದ ಆಯತವೂ ಸ್ಪ್ರಿಂಗಿನ ತ್ರಿಭುಜವೂ ಒಂದೇ ಕಡೆ ಸೇರಿದರೆ ಏನಾಗುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿಯೇ ನೋಡಬಹುದು. ಒಂದು ಕಿಲೋಗ್ರಾಮ್ ತೂಕವನ್ನು ಕೈಯಲ್ಲಿ ಆಸರೆ ಕೊಡುತ್ತ ನಿಧಾನವಾಗಿ ಇಳಿಸಿದಾಗ ಸ್ಪ್ರಿಂಗ್ 5 ಸೆಂಟಿಮೀಟರ್ ಹಿಗ್ಗಿ ನಿಂತಿತೆನ್ನೋಣ. ತೂಕ ಕಳೆದುಕೊಂಡ ಶಕ್ತಿ 0.49 ಜೂಲ್. ಸ್ಪ್ರಿಂಗಿನ ಎಳೆತ ಮಾತ್ರ ಸೊನ್ನೆಯಿಂದ ಏರುತ್ತ ಬಂದದ್ದರಿಂದ ಅದರಲ್ಲಿ ಸೇರಿದ್ದು 0.245 ಜೂಲ್. ಉಳಿದ ಅರ್ಧ ಎಲ್ಲಿ ಹೋಯಿತು? ಆಸರೆ ಕೊಟ್ಟ ಕೈಗೆ ಹೋಯಿತು. ಕೈ ಆಸರೆ ಕೊಡದೆ ತಟ್ಟನೆ ಬಿಟ್ಟುಬಿಟ್ಟರೆ ಆ ಅರ್ಧ ಹೊರಗೆ ಹೋಗುವ ದಾರಿಯಿಲ್ಲದೆ ತೂಕ 5 ಸೆಂಟಿಮೀಟರಿನಲ್ಲಿ ನಿಲ್ಲದೆ 10 ಸೆಂಟಿಮೀಟರಿನವರೆಗೆ ಇಳಿದು, ಮತ್ತೆ ಮೇಲೇರಿ, ತೂಗಾಡುತ್ತದೆ. ಇಲ್ಲಿ ಆಯತದ ವಿಸ್ತೀರ್ಣವೂ ತ್ರಿಭುಜದ ವಿಸ್ತೀರ್ಣವೂ ಸಮವಾಗುವುದು 10 ಸೆಂಟಿಮೀಟರಿನಲ್ಲಿ.

ಎರಡನೇ ವರ್ಷದ ಕೆಪಾಸಿಟರ್ ಇದೇ ಸ್ಪ್ರಿಂಗ್. ಸೀಲಿಂಗ್ ಫ್ಯಾನ್ ಮೆಲ್ಲಗೆ ತಿರುಗತೊಡಗಿದಾಗ ಎಲೆಕ್ಟ್ರಿಷಿಯನ್ ಬಂದು ಬದಲಿಸುವ 2.5 ಮೈಕ್ರೋಫ್ಯಾರಡ್‌ನ ಡಬ್ಬಿಯನ್ನು ವಿದ್ಯಾರ್ಥಿಗಳು ಕಂಡಿರುತ್ತಾರೆ. ಖಾಲಿ ಕೆಪಾಸಿಟರಿಗೆ ಮೊದಲ ವಿದ್ಯುದಾವೇಶವನ್ನು ಸೇರಿಸಲು ಯಾವ ಶ್ರಮವೂ ಬೇಡ, ಸೇರಿದಂತೆಲ್ಲ ಅದರ ವಿಭವಾಂತರ (ವೋಲ್ಟೇಜ್) ಏರುತ್ತದೆ, ಕೊನೆಯ ಆವೇಶವನ್ನು ಪೂರ್ತಿ ವಿಭವಾಂತರದ ಎದುರು ತಳ್ಳಬೇಕು. ಆದ್ದರಿಂದ ಅದರಲ್ಲಿ ಸೇರಿದ ಶಕ್ತಿ ಆವೇಶ ಗುಣಿಸು ವಿಭವಾಂತರದ ಅರ್ಧ. ಬ್ಯಾಟರಿಯಾದರೋ ಮೊದಲಿನಿಂದ ಕೊನೆಯವರೆಗೆ ಒಂದೇ ವೋಲ್ಟೇಜಿನಲ್ಲಿ ಆವೇಶ ಕೊಟ್ಟಿತು, ಅದರ ಗ್ರಾಫ್ ಆಯತ. ಬ್ಯಾಟರಿ ಕೊಟ್ಟದ್ದರಲ್ಲಿ ಅರ್ಧ ತಂತಿಯಲ್ಲಿ ಶಾಖವಾಗಿ ಹೋಯಿತು. ತಂತಿಯ ರೋಧವನ್ನು ಹೆಚ್ಚಿಸಿದರೂ ಕಡಿಮೆ ಮಾಡಿದರೂ ಹೋಗುವುದು ಅಷ್ಟೇ ಅರ್ಧ, ಹೋಗುವ ಸಮಯ ಮಾತ್ರ ಬದಲಾಗುತ್ತದೆ. ಈ ಮಾತನ್ನು ವಿದ್ಯಾರ್ಥಿಗಳು ಸುಲಭವಾಗಿ ನಂಬುವುದಿಲ್ಲ. ಸ್ಪ್ರಿಂಗಿಗೆ ಆಸರೆ ಕೊಟ್ಟ ಕೈಯನ್ನು ನೆನಪಿಸಿದರೆ ನಂಬುತ್ತಾರೆ.

ಸುರುಳಿಯಲ್ಲಿ ಪ್ರವಾಹವೂ ಹೀಗೆಯೇ ಸೊನ್ನೆಯಿಂದ ಏರುತ್ತದೆ, ಅದರಲ್ಲಿಯೂ ಅರ್ಧ ಬರುತ್ತದೆ. ಹೊಲದ ಪಂಪ್‌ಸೆಟ್ ಬಂದ್ ಮಾಡುವಾಗ ಸ್ಟಾರ್ಟರಿನೊಳಗೆ ಮಿನುಗುವ ಕಿಡಿ ಆ ಶಕ್ತಿ ಹೊರಬರುವ ದಾರಿ.

ಎಲ್ಲ ಅರ್ಧಗಳೂ ಒಂದೇ ಮನೆತನದವಲ್ಲ ಎಂಬ ಎಚ್ಚರವೂ ಬೇಕು. ಪರ್ಯಾಯ ವಿದ್ಯುತ್ತಿನ ಅಧ್ಯಾಯದಲ್ಲಿ ಗರಿಷ್ಠ ವೋಲ್ಟೇಜ್ ಮತ್ತು ಗರಿಷ್ಠ ಪ್ರವಾಹಗಳ ಗುಣಲಬ್ಧದ ಅರ್ಧವೇ ಬಲ್ಬಿನ ಸರಾಸರಿ ಸಾಮರ್ಥ್ಯ ಎನ್ನುತ್ತೇವೆ. ಅಲ್ಲಿ ತ್ರಿಭುಜವಿಲ್ಲ, ಸೈನ್ ಅಲೆಯ ವರ್ಗ ಸೊನ್ನೆ ಮತ್ತು ಒಂದರ ನಡುವೆ ಸಮವಾಗಿ ಏರಿಳಿಯುವುದರಿಂದ ಬಂದ ಸರಾಸರಿ ಅದು. ನಮ್ಮ ಮನೆಯ 230 ವೋಲ್ಟ್ ನಿಜವಾಗಿ 325 ವೋಲ್ಟಿನವರೆಗೆ ಏರುವುದು ಆ ಅರ್ಧದ ವರ್ಗಮೂಲದ ಲೆಕ್ಕದಿಂದ.

ತ್ರಿಭುಜದ ಅರ್ಧಕ್ಕೆ ಇರುವ ಶರತ್ತು ಒಂದೇ, ಏರಿಕೆ ಸರಳರೇಖೆಯಲ್ಲಿರಬೇಕು. ಸ್ಪ್ರಿಂಗನ್ನು ಅದರ ಮಿತಿ ಮೀರಿ ಎಳೆದರೆ ರೇಖೆ ಬಾಗುತ್ತದೆ, ಅರ್ಧ ತಪ್ಪಾಗುತ್ತದೆ. ಇದನ್ನು ಪರೀಕ್ಷಿಸಲು ನಾನು ಎರಡನೇ ವರ್ಷದವರಿಗೆ ಒಂದು ಲೆಕ್ಕ ಕೊಡುತ್ತೇನೆ. 100 ವೋಲ್ಟಿನಲ್ಲಿ ವೇಗೋತ್ಕರ್ಷಗೊಂಡ ಎಲೆಕ್ಟ್ರಾನಿನ ವೇಗವನ್ನು ಅವರು ಚಲನ ಶಕ್ತಿಯ ಸೂತ್ರದಿಂದ ಸೆಕೆಂಡಿಗೆ 5.93 × 10⁶ ಮೀಟರ್ ಎಂದು ಸರಿಯಾಗಿಯೇ ಕಂಡುಹಿಡಿಯುತ್ತಾರೆ. ಆಮೇಲೆ 10 ಲಕ್ಷ ವೋಲ್ಟ್ ಕೊಟ್ಟು ಅದೇ ಪ್ರಶ್ನೆ ಕೇಳುತ್ತೇನೆ. ತರಗತಿಯ ಬಹುತೇಕರು ಎರಡು ನಿಮಿಷದೊಳಗೆ 5.93 × 10⁸ ಎಂದು ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದು, ಪೆನ್ನು ಕೆಳಗಿಡುತ್ತಾರೆ. ಅದು ಬೆಳಕಿನ ವೇಗದ ಸುಮಾರು ಇಮ್ಮಡಿ. ಯಾರಾದರೂ ಒಬ್ಬರು ತಲೆಯೆತ್ತಿ "ಸರ್, ಇದು ಹೆಂಗ್ ಬರತೈತ್ರೀ?" ಎಂದು ಕೇಳುವವರೆಗೆ ನಾನು ಕಾಯುತ್ತೇನೆ. ಕೇಳಿದರೆ ಹಲಗೆಯ ಮೇಲೆ ಸಂವೇಗವನ್ನು ವೇಗದ ಎದುರು ಇಟ್ಟು ಗ್ರಾಫ್ ಬರೆಯುತ್ತೇನೆ. ಮೊದಲು ಸರಳರೇಖೆಯಾಗಿ ಹೊರಟ ಗೆರೆ ಸೆಕೆಂಡಿಗೆ 3 × 10⁸ ಮೀಟರ್ ವೇಗದ ಸಮೀಪ ಬರುತ್ತಿದ್ದಂತೆ ಬಾಗಿ ನೇರ ಮೇಲಕ್ಕೆ ಹೋಗಿಬಿಡುತ್ತದೆ. ಅಲ್ಲಿ ತ್ರಿಭುಜವಿಲ್ಲ.